ಡೇರೆಯೂ ಮನೆಯೇ, ನಗಬೇಡಿರಿ

ಈ ಸಲದ ಗೋಡೆ ಪತ್ರಿಕೆಗೆ ನಾನು ಮಳೆಯ ಮೇಲೆ ಒಂದು ಕವನ ಬರೀಬೇಕು ಅಂತ ಮಾಡಿದ್ದೆ. ಆದರೆ ನಮ್ಮ ಒಂಬತ್ತನೇ ತರಗತಿಯಲ್ಲಿ ನಡೆದ ಒಂದು ಸಂಗತಿ ಮನಸ್ಸಿನಿಂದ ಹೋಗಲೇ ಇಲ್ಲ. ಅದಕ್ಕೇ ಕವನ ಬಿಟ್ಟು ನನ್ನ ಅನಿಸಿಕೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಬೇಸರಪಡದೆ ಕೊನೆತನಕ ಓದಿರಿ.

ಅವತ್ತು ಸಮಾಜ ವಿಜ್ಞಾನದ ಸರ್ ಬೇರೆ ಬೇರೆ ದೇಶದ ಮನೆಗಳ ಬಗ್ಗೆ ಹೇಳುತ್ತಾ ಒಂದು ದೊಡ್ಡ ಪುಸ್ತಕದ ಚಿತ್ರ ತೋರಿಸಿದರು. ಉತ್ತರ ಅಮೆರಿಕದ ಹುಲ್ಲು ಬಯಲು. ಅಲ್ಲಿ ಮೇವಿನ ಬಣವಿಯ ಹಾಗೆ ಮೇಲೆ ಚೂಪಾದ ಬಿಳಿ ಡೇರೆಗಳು. ತುದಿಯಲ್ಲಿ ಗಳಗಳೆಲ್ಲ ಹೊರಗೆ ಚಾಚಿಕೊಂಡಿವೆ. "ಇದಕ್ಕೆ ಟೀಪಿ ಅಂತಾರೆ" ಎಂದರು. ಹಿಂದಿನ ಬೆಂಚಿನಿಂದ ಒಬ್ಬ, "ಸರ್, ಇದು ಕೆರಿ ದಂಡಿಮ್ಯಾಲಿನ ಗ್ಯಾಂಗಿನವರ ಜೋಪಡಿ ಇದ್ದಂಗ ಐತ್ರಿ" ಅಂದ. ಇಡೀ ಕ್ಲಾಸು ನಕ್ಕಿತು. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ. ಆಮೇಲೆ ಪಕ್ಕಕ್ಕೆ ನೋಡಿದೆ. ದೀಪಾವಳಿ ಆದ ಮೇಲೆ ನಮ್ಮ ಕ್ಲಾಸಿಗೆ ಬಂದ ಹುಡುಗಿ ತಲೆ ತಗ್ಗಿಸಿ ಪುಸ್ತಕದ ಮೂಲೆ ಮಡಚುತ್ತಾ ಕುಂತಿದ್ದಳು. ಅವಳ ಅಪ್ಪ ಅವ್ವ ಕಬ್ಬು ಕಡಿಯಲು ಬಂದವರು. ಆ ಜೋಪಡಿಯೇ ಅವಳ ಮನೆ. ಸರ್ ಮಾತ್ರ ನಗಲಿಲ್ಲ. "ನಗೋಕ್ಕಿಂತ ಮೊದಲು ಅದನ್ನ ಒಮ್ಮೆ ಕಟ್ಟಿ ನೋಡ್ರಿ" ಎಂದಷ್ಟೇ ಹೇಳಿದರು.

ನಾನು ಆ ಪುಸ್ತಕ ಕೇಳಿ ಮನೆಗೆ ಒಯ್ದು ಓದಿದೆ. ಟೀಪಿ ಎನ್ನುವುದು ಲಕೋಟ ಜನರ ಭಾಷೆಯ ಮಾತು. ಅವರು ವಾಸ ಮಾಡುತ್ತಾರೆ ಎಂದು ಅದರ ಅರ್ಥ. ಲಕೋಟ, ಶೈಯನ್, ಕ್ರೋ, ಬ್ಲ್ಯಾಕ್‌ಫೂಟ್ ಇವರೆಲ್ಲ ಅಮೆರಿಕದ ಮೂಲ ನಿವಾಸಿಗಳು. ಹಳೆಯ ಪುಸ್ತಕಗಳಲ್ಲಿ ರೆಡ್ ಇಂಡಿಯನ್ನರು ಎಂದು ಬರೆಯುತ್ತಿದ್ದರಲ್ಲ, ಅದು ಬೇರೆಯವರು ಇಟ್ಟ ಹೆಸರು. ಈ ಜನ ಬೈಸನ್ ಎಂಬ ಕಾಡುದನಗಳ ಹಿಂಡಿನ ಹಿಂದೆ ಬಯಲಲ್ಲಿ ತಿರುಗುತ್ತಿದ್ದರು. ಮೊದಲು ಡೇರೆಯ ಹೊದಿಕೆಯೂ ಬೈಸನ್ ಚರ್ಮದ್ದೇ. ಒಂದು ಡೇರೆಗೆ ಹತ್ತು ಹದಿನೈದು ಚರ್ಮ ಬೇಕಾಗುತ್ತಿತ್ತು. 1870 ಮತ್ತು 1880ರ ದಶಕಗಳಲ್ಲಿ ಚರ್ಮದ ವ್ಯಾಪಾರಕ್ಕಾಗಿ ಬೇಟೆಗಾರರು ಬಂದೂಕು ಹಿಡಿದು ಲಕ್ಷಗಟ್ಟಲೆ ಬೈಸನ್ ಕೊಂದರು. ಒಂದು ಕಾಲಕ್ಕೆ ಕೋಟಿಗಟ್ಟಲೆ ಇದ್ದ ಪ್ರಾಣಿ 1889ರಲ್ಲಿ ಲೆಕ್ಕ ಹಾಕಿದಾಗ ಸುಮಾರು 1000 ಉಳಿದಿತ್ತು. ಚರ್ಮ ಸಿಗದೇ ಹೋದಾಗ ಆ ಜನ ಕ್ಯಾನ್ವಾಸ್ ಹಿಡಿದರು. ಅಂದರೆ ದಪ್ಪ ಹತ್ತಿ ಬಟ್ಟೆ. ಇವತ್ತಿನ ಟೀಪಿಗಳು ಹೆಚ್ಚಾಗಿ ಕ್ಯಾನ್ವಾಸಿನವೇ.

ಡೇರೆ ಹೊಲಿಯುವುದು, ನಿಲ್ಲಿಸುವುದು, ಬಿಚ್ಚುವುದು ಎಲ್ಲ ಹೆಂಗಸರ ಕೆಲಸ. ಕೆಲಸ ಅಷ್ಟೇ ಅಲ್ಲ, ಡೇರೆಯ ಒಡೆತನವೂ ಅವರದೇ. ನಮ್ಮೂರಲ್ಲಿ ಎಷ್ಟು ಮನೆಯ ಉತಾರ ಅವ್ವಂದಿರ ಹೆಸರಲ್ಲಿ ಐತಿ, ಎಲ್ಲರೂ ಒಮ್ಮೆ ಮನೆಯಲ್ಲಿ ಕೇಳಿ ನೋಡಿರಿ.

ಸರ್ ಹೇಳಿದಂತೆ ನಾವು ಆರು ಮಂದಿ ಸೇರಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಸಣ್ಣ ಟೀಪಿ ಮಾಡಲು ನಿಂತೆವು. ಹೊದಿಕೆಯನ್ನು ಅರ್ಧ ವೃತ್ತದ ಆಕಾರಕ್ಕೆ ಕತ್ತರಿಸಬೇಕು. ಗಣಿತದ ಟೀಚರ್ ಲೆಕ್ಕ ಮಾಡಿ ತೋರಿಸಿದರು. 8 ಅಡಿ ತ್ರಿಜ್ಯದ ಅರ್ಧ ವೃತ್ತವನ್ನು ಸುತ್ತಿದರೆ ಬುಡದ ಅಗಲವೂ ಸರಿಯಾಗಿ 8 ಅಡಿ ಬರುತ್ತದೆ. ಶಂಕುವಿನ ಪಾಠ ನನಗೆ ಅವತ್ತೇ ತಿಳಿದದ್ದು! ಕ್ಯಾನ್ವಾಸ್ ಎಲ್ಲಿಂದ ಬರಬೇಕು? ಗೋಣಿಚೀಲ ಬಿಚ್ಚಿ, ದಬ್ಬಣ ಸುತಳಿ ಹಿಡಿದು ಹೊಲಿದೆವು. ಬೆರಳಿಗೆ ಮೂರು ಸಲ ಚುಚ್ಚಿಕೊಂಡೆ.

ಬಿದಿರಿನ ಮೂರು ಗಳ ನಿಲ್ಲಿಸಿ ತುದಿಗೆ ಹಗ್ಗ ಕಟ್ಟಿದೆವು. ಜಾರಿತು. ಮತ್ತೆ ಕಟ್ಟಿದೆವು, ಮತ್ತೆ ಜಾರಿತು. ದೂರ ನಿಂತು ನೋಡುತ್ತಿದ್ದ ಆ ಹುಡುಗಿ ಮೆಲ್ಲಗೆ ಬಂದು, "ನಿಂದ್ರಿಸಿ ಕಟ್ಟಬಾರದು, ನೆಲದಮ್ಯಾಲ ಮಲಗಿಸಿ ಕಟ್ಟಬೇಕು" ಅಂದಳು. ಹಾಗೇ ಮಲಗಿಸಿ, ಹಗ್ಗ ನಾಲ್ಕು ಸುತ್ತು ಸುತ್ತಿ ಗಂಟು ಹಾಕಿ, ಎತ್ತಿ ಕಾಲು ಅಗಲಿಸಿದಳು. ಗಟ್ಟಿಯಾಗಿ ನಿಂತಿತು. ಪುಸ್ತಕದಲ್ಲೂ ಹಾಗೇ ಬರೆದಿತ್ತು, ನಾವು ಆ ಸಾಲು ಬಿಟ್ಟು ಓದಿದ್ದೆವು. ಅವಳು ಆ ಪುಸ್ತಕ ನೋಡಿಯೇ ಇರಲಿಲ್ಲ. ಪ್ರತಿ ವರ್ಷ ಅವ್ವನ ಸಂಗಡ ಜೋಪಡಿ ಕಟ್ಟಿ ಕಲಿತಿದ್ದಳು.

ಅಷ್ಟಕ್ಕೇ ಮುಗಿಯಲಿಲ್ಲ. ಒಳಗೆ ಎರಡು ಕುಳ್ಳು ಹಚ್ಚಿದೆವು. ಹೊಗೆ ತುಂಬಿ ಕೆಮ್ಮುತ್ತಾ ಎಲ್ಲರೂ ಹೊರಗೆ ಓಡಿದೆವು. ನಿಜವಾದ ಟೀಪಿಯೊಳಗೆ ಬೆಂಕಿ ಹಾಕಿ ಚಳಿಗಾಲವನ್ನೇ ಕಳೆಯುತ್ತಿದ್ದರಲ್ಲ, ಹೇಗೆ? ಮೇಲೆ ನಮ್ಮ ಮಾಳಿಗೆ ಮನೆಯ ಬೆಳಕಿಂಡಿಯಂಥ ತೂತು ಇರುತ್ತದೆ. ಅದರ ಎರಡೂ ಪಕ್ಕ ಕಿವಿಯಂತೆ ಬಟ್ಟೆ ಬಿಟ್ಟು, ಹೊರಗಿನ ಎರಡು ಗಳಗಳಿಂದ ಅದನ್ನು ಗಾಳಿ ಬೀಸುವ ಕಡೆ ನೋಡಿ ತಿರುಗಿಸುತ್ತಾರೆ. ಒಳಗೆ ಸುತ್ತಲೂ ಇನ್ನೊಂದು ಬಟ್ಟೆ ಕಟ್ಟಿರುತ್ತಾರೆ. ಹೊರಗಿನ ಹೊದಿಕೆ ನೆಲದಿಂದ ಸ್ವಲ್ಪ ಮೇಲೆ ಇರುತ್ತದೆ. ಅಲ್ಲಿಂದ ನುಗ್ಗಿದ ಗಾಳಿ ಎರಡು ಬಟ್ಟೆಗಳ ನಡುವೆ ಏರಿ ಹೊಗೆಯನ್ನು ಎಳೆದುಕೊಂಡು ಹೋಗುತ್ತದೆ. ಮಳೆ ಬಂದಾಗ ಹತ್ತಿ ನೂಲು ಉಬ್ಬಿ ಸಂದು ಮುಚ್ಚುತ್ತದೆ. ಆದರೆ ಒದ್ದೆ ಬಟ್ಟೆಯನ್ನು ಒಳಗಿನಿಂದ ಮುಟ್ಟಿದರೆ ಅಲ್ಲೇ ತೊಟ್ಟಿಕ್ಕುತ್ತದೆ. ಗಳಗಳನ್ನು ನುಣ್ಣಗೆ ಕೆತ್ತಿದರೆ ತುದಿಯಿಂದ ಬಂದ ನೀರು ಗಳದ ಮೇಲೇ ಇಳಿದು ಹೋಗುತ್ತದೆ. ಒಂದು ಗಂಟು ಉಳಿದರೂ ಸಾಕು, ಮಲಗಿದವರ ಮುಖಕ್ಕೆ ಹನಿ! ಇಷ್ಟೆಲ್ಲ ಯೋಚನೆ ಮಾಡಿದ ಜನರನ್ನು ದಡ್ಡರು ಅನ್ನಲು ಬರುತ್ತದೆಯೇ? ಅಮೆರಿಕದ ಸೈನ್ಯದ ಅಧಿಕಾರಿ ಹೆನ್ರಿ ಸಿಬ್ಲಿ ಟೀಪಿಯನ್ನು ನೋಡಿಯೇ ಸೈನಿಕರಿಗೆ ಡೇರೆ ಮಾಡಿ 1856ರಲ್ಲಿ ತನ್ನ ಹೆಸರಿಗೆ ಪೇಟೆಂಟ್ ಪಡೆದ. ಈಗ ಪರದೇಶದಲ್ಲಿ ಉಳ್ಳವರು ಕೈಯಿಂದ ಹೊಲಿದ ಟೀಪಿಗೆ ದುಡ್ಡು ಕೊಟ್ಟು ಕ್ಯಾಂಪಿಗೆ ಒಯ್ಯುತ್ತಾರೆ. ಕೆಲವರು ಅದರಲ್ಲೇ ವಾಸವೂ ಇರುತ್ತಾರೆ. ಅವರನ್ನು ನೋಡಿ ಯಾರೂ ನಗುವುದಿಲ್ಲ.

ಆದರೆ ಆ ಮೂಲ ಜನರನ್ನು ನೋಡಿ ನಕ್ಕರು. ನನಗೆ ಬಹಳ ಸಂಕಟವಾದದ್ದು ಇದನ್ನು ಓದಿ. ಡೇರೆಯಲ್ಲಿ ಇರುವವರು ಅನಾಗರಿಕರು, ಅವರ ಮಕ್ಕಳನ್ನು ಸುಧಾರಿಸಬೇಕು ಎಂದು ಅಲ್ಲಿಯ ಸರ್ಕಾರ ವಸತಿ ಶಾಲೆ ತೆರೆಯಿತು. 1879ರಲ್ಲಿ ಕಾರ್ಲೈಲ್ ಎಂಬ ಊರಲ್ಲಿ ಅಂಥ ಒಂದು ಶಾಲೆ ಶುರುವಾಯಿತು. ಅಲ್ಲಿ ಮಕ್ಕಳ ಉದ್ದ ಕೂದಲು ಕತ್ತರಿಸಿದರು, ಹೆಸರು ಬದಲಿಸಿದರು, ತಾಯಿ ಮಾತು ಆಡಿದರೆ ಶಿಕ್ಷೆ ಕೊಟ್ಟರು. ಎಷ್ಟೋ ಮಕ್ಕಳು ಮನೆಗೆ ತಿರುಗಿ ಬರದೆ ಅಲ್ಲೇ ತೀರಿಹೋದರು. ಇಂಥ ಶಾಲೆಗಳಿಗಾಗಿ 2024ರ ಅಕ್ಟೋಬರ್‌ನಲ್ಲಿ ಆಗಿನ ಅಧ್ಯಕ್ಷ ಜೋ ಬೈಡನ್ ಕ್ಷಮೆ ಕೇಳಿದರು. ಅಷ್ಟರಲ್ಲಿ ಕಾರ್ಲೈಲ್ ಶಾಲೆ ಶುರುವಾಗಿ 145 ವರ್ಷ ಆಗಿತ್ತು. ಶಾಲೆ ಎಂದರೆ ಅಕ್ಷರ ಕಲಿಸುವ ಜಾಗ. ಅಪ್ಪ ಅವ್ವನ ಮನೆ ಬಗ್ಗೆ ನಾಚಿಕೆ ಕಲಿಸುವ ಜಾಗ ಅಲ್ಲ.

ಕೆಲವರು ನನ್ನನ್ನು ಕೇಳಿದರು, "ಅಷ್ಟು ಚಂದ ಇದ್ದರೆ ನೀನೇ ಹೋಗಿ ಜೋಪಡಿಯಾಗ ಇರು". ನಾನು ಜೋಪಡಿ ಚಂದ ಅನ್ನುತ್ತಿಲ್ಲ. ಟೀಪಿ ಆ ಜನ ತಮ್ಮ ಬದುಕಿಗೆ ತಕ್ಕಂತೆ ಬುದ್ಧಿ ಉಪಯೋಗಿಸಿ ಮಾಡಿಕೊಂಡ ಮನೆ. ಕೆರೆ ದಂಡೆಯ ಜೋಪಡಿ ಹಾಗಲ್ಲ. ಬೇರೆ ದಾರಿ ಇಲ್ಲದೆ ತಾಡಪತ್ರಿ ಹೊದಿಸಿದ್ದು. ಮಧ್ಯಾಹ್ನ ಒಳಗೆ ಕುಂಡ್ರಲು ಆಗುವುದಿಲ್ಲ, ಲೈಟು ಇಲ್ಲ, ಸಂಡಾಸು ಇಲ್ಲ, ನೀರು ದೂರ. ಇದು ಅವರ ತಪ್ಪಲ್ಲ. ಅವರು ಕಡಿದ ಕಬ್ಬಿನ ಸಕ್ಕರೆಯನ್ನೇ ನಾವು ಚಹಾಕ್ಕೆ ಹಾಕಿಕೊಳ್ಳುತ್ತೇವೆ. ನಾಚಿಕೆ ಯಾರಿಗೆ ಆಗಬೇಕು, ನೀವೇ ಹೇಳಿರಿ.

ಅದಕ್ಕೇ ಗುರುಗಳಲ್ಲಿ ನನ್ನದು ಎರಡು ವಿನಂತಿ. ಮೊದಲನೆಯದು, ನಮ್ಮ ಶಾಲೆಯ ನಲ್ಲಿಯಿಂದ ಸಂಜೆ ಹೊತ್ತು ಅವರಿಗೆ ಕುಡಿಯುವ ನೀರು ತುಂಬಿಕೊಳ್ಳಲು ಬಿಡಬೇಕು. ಎರಡನೆಯದು, ಗ್ಯಾಂಗಿನ ಮಕ್ಕಳಿಗೆ ಓದಲು ಒಂದು ಕೋಣೆಯಲ್ಲಿ ಏಳು ಗಂಟೆತನಕ ಲೈಟು ಇರಲಿ. ಬೀಗದ ಕೈ ಹೊಣೆ ನಾವು ಆರು ಮಂದಿ ಹೊರುತ್ತೇವೆ. ಗೆಳೆಯರಲ್ಲಿ ಒಂದೇ ಕೋರಿಕೆ, ಇನ್ನೊಮ್ಮೆ ಹಾಗೆ ನಗಬೇಡಿರಿ.

ಅವತ್ತು ನಕ್ಕಿದ್ದಕ್ಕೆ ಆ ಗೆಳತಿಯ ಮುಂದೆ ತಪ್ಪಾಯಿತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇಲ್ಲಿ ಎಲ್ಲರ ಮುಂದೆ ಬರೆದಿದ್ದೇನೆ. ಕಬ್ಬು ಮುಗಿದು ಊರಿಗೆ ಹೋಗುವುದರೊಳಗೆ ಅವಳು ಇದನ್ನು ಓದಲಿ. ನಾವು ಕಟ್ಟಿದ ಗೋಣಿ ಟೀಪಿ ಆಟದ ಬಯಲಿನ ಬೇವಿನ ಗಿಡದ ಹತ್ತಿರ ಐತಿ. ಬಿಡುವಿನಲ್ಲಿ ಎಲ್ಲರೂ ಹೋಗಿ ನೋಡಿರಿ. ಗಂಟು ಮಾತ್ರ ಬಿಚ್ಚಬೇಡಿರಿ, ಅದು ಅವಳು ಹಾಕಿದ್ದು.

ಬರಹದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು.

ಇತಿ ನಿಮ್ಮ ಗೆಳತಿ,
9ನೇ ತರಗತಿ