ಎಣಿಕೆಗೆ ಸಿಗದ ಮಕ್ಕಳು: ಲಿಂಫೋಮಾ ರೋಗ ಮತ್ತು ನಮ್ಮ ನಾಡಿನ ಬಡತನ

ಚಿಕ್ಕ ಮಕ್ಕಳಿಗೂ ಕ್ಯಾನ್ಸರ್ ಬರುತ್ತದೆ ಎಂಬುದನ್ನು ನಮ್ಮ ಭಾಗದ ಅನೇಕ ತಂದೆತಾಯಿಗಳು ಇಂದಿಗೂ ನಂಬಲಾರರು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರತಿವರ್ಷ ಜಗತ್ತಿನಲ್ಲಿ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರು ಇದಕ್ಕೆ ತುತ್ತಾಗುತ್ತಾರೆ. ಶ್ರೀಮಂತ ದೇಶಗಳಲ್ಲಿ ಅವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಅನೇಕ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಶೇ. 30ರಷ್ಟು ಮಂದಿಯೂ ಗುಣಮುಖರಾಗುವುದಿಲ್ಲ. ಈ ಅಂತರವನ್ನು ತಗ್ಗಿಸಿ, 2030ರ ವೇಳೆಗೆ ಕನಿಷ್ಠ ಶೇ. 60ರಷ್ಟು ಮಕ್ಕಳನ್ನು ಉಳಿಸುವ ಗುರಿಯನ್ನು ಆ ಸಂಸ್ಥೆ 2018ರಲ್ಲಿ ಹಾಕಿಕೊಂಡಿತು. ರೋಗವೊಂದೇ, ಔಷಧವೂ ಬಹುಮಟ್ಟಿಗೆ ಒಂದೇ. ಮಗು ಹುಟ್ಟಿದ ಮನೆಯ ಸ್ಥಿತಿ ಮಾತ್ರ ಬೇರೆ.

ದೇಹದ ದುಗ್ಧರಸ ಗ್ರಂಥಿಗಳಲ್ಲಿ ಹುಟ್ಟುವ ಲಿಂಫೋಮಾ ಈ ಮಾತಿಗೆ ಸ್ಪಷ್ಟ ನಿದರ್ಶನ. 1958ರಲ್ಲಿ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಉಗಾಂಡಾದ ಮಕ್ಕಳ ದವಡೆಯಲ್ಲಿ ಬೆಳೆಯುವ ಗಡ್ಡೆಯನ್ನು ವಿವರಿಸಿದರು. 1964ರಲ್ಲಿ ಆ ಗಡ್ಡೆಯ ಜೀವಕೋಶಗಳಲ್ಲಿ ಎಪ್‌ಸ್ಟೀನ್-ಬಾರ್ ವೈರಾಣು ಪತ್ತೆಯಾಯಿತು. ಹಾಡ್ಜ್‌ಕಿನ್ ಎಂಬ ಇನ್ನೊಂದು ಬಗೆಯ ಲಿಂಫೋಮಾ ಸಿರಿವಂತ ದೇಶಗಳಲ್ಲಿ ಹೆಚ್ಚಾಗಿ ತರುಣರಲ್ಲಿ ಕಂಡುಬಂದರೆ, ಬಡ ಸಮಾಜಗಳಲ್ಲಿ ಬಾಲ್ಯದಲ್ಲಿಯೂ ಗಣನೀಯವಾಗಿ ಕಾಣಿಸುತ್ತದೆ. ಇಕ್ಕಟ್ಟಾದ ಮನೆಗಳಲ್ಲಿ ಎಳವೆಯಲ್ಲಿಯೇ ಈ ವೈರಾಣು ತಗಲುವುದು ಇದಕ್ಕೊಂದು ಕಾರಣವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ವೈರಾಣು ತಗಲಿದವರಲ್ಲಿ ಬಹುತೇಕರಿಗೆ ಕ್ಯಾನ್ಸರ್ ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಇಲ್ಲಿ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಡ ಪ್ರದೇಶಗಳ ದಾಖಲೆಗಳಲ್ಲಿ ಮಕ್ಕಳ ಕ್ಯಾನ್ಸರಿನ ಪ್ರಮಾಣ ಅನೇಕ ವೇಳೆ ಕಡಿಮೆ ಇರುತ್ತದೆ. ಅಲ್ಲಿ ರೋಗ ವಿರಳವೆಂದು ಅದರಿಂದ ತಿಳಿಯಬಾರದು. ಪರೀಕ್ಷೆಗೊಳಗಾಗದೆ ತೀರಿಕೊಂಡ ಮಗು ಯಾವ ಎಣಿಕೆಗೂ ಸಿಗುವುದಿಲ್ಲ. ಬಡತನವು ಮೊದಲು ರೋಗವನ್ನು ಮರೆಮಾಡುತ್ತದೆ, ಬಳಿಕ ಚಿಕಿತ್ಸೆಯನ್ನು ಮೊಟಕುಗೊಳಿಸುತ್ತದೆ.

ಮರೆಮಾಡುವ ಬಗೆ ಹೀಗಿದೆ. ಕೊರಳಿನಲ್ಲಿ ನೋವಿಲ್ಲದ ಗಂಟು, ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿಯ ಬೆವರು, ತೂಕದ ಇಳಿಕೆ: ಇವು ಲಿಂಫೋಮಾದ ಲಕ್ಷಣಗಳು, ಕ್ಷಯದ ಲಕ್ಷಣಗಳೂ ಇವೇ. ಕ್ಷಯ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಗಂಟಿನ ತುಣುಕನ್ನು ತೆಗೆದು ಪರೀಕ್ಷಿಸುವ ಬಯಾಪ್ಸಿ ನಡೆಯದೆಯೇ ಕೆಲವು ಮಕ್ಕಳಿಗೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸಲಾಗುತ್ತದೆ. ಬರ್ಕಿಟ್ ಲಿಂಫೋಮಾದಂತಹ ಗಡ್ಡೆ ದಿನಗಳಲ್ಲಿಯೇ ಇಮ್ಮಡಿಯಾಗಬಲ್ಲದು. ಅದಕ್ಕೆ ತಿಂಗಳುಗಳ ವಿಳಂಬವೆಂದರೆ ಪ್ರಾಣಾಪಾಯ.

ಕೆಂಪು ಬಾಳೆಗೆ ಹೆಸರಾದ ಕಮಲಾಪುರ 2018ರಲ್ಲಿ ತಾಲೂಕು ಕೇಂದ್ರವಾಯಿತು. ಕಲಬುರಗಿ ನಗರ ಅಲ್ಲಿಂದ ದೂರವೇನಲ್ಲ; ನಗರದಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವೂ ವೈದ್ಯಕೀಯ ಕಾಲೇಜುಗಳೂ ಇವೆ. ಆದರೆ ಲಿಂಫೋಮಾದ ಕೀಮೋಥೆರಪಿ ಒಂದು ದಿನದಲ್ಲಿ ಮುಗಿಯುವಂಥದ್ದಲ್ಲ, ತಿಂಗಳುಗಟ್ಟಲೆ ನಡೆಯುತ್ತದೆ. ಹೆಚ್ಚಿನ ಚಿಕಿತ್ಸೆಗೆ ಸುಮಾರು 600 ಕಿ.ಮೀ. ದೂರದ ಬೆಂಗಳೂರಿಗೆ ಹೋಗಬೇಕಾದರಂತೂ ದಿನಗೂಲಿಯ ಮನೆಯ ಲೆಕ್ಕವೇ ತಪ್ಪುತ್ತದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಭರಿಸುತ್ತದೆ. ಚಿಕಿತ್ಸೆಗೆ ತೆರಳುವ ಕ್ಯಾನ್ಸರ್ ರೋಗಿಗಳಿಗೆ ರೈಲು ರಿಯಾಯಿತಿಯೂ ಇದೆ. ಆದರೆ ಕಳೆದುಹೋದ ಕೂಲಿ, ಊಟ, ಬಾಡಿಗೆ ಕೋಣೆ, ಮನೆಯಲ್ಲುಳಿದ ಇತರ ಮಕ್ಕಳು ಇವುಗಳ ಭಾರವನ್ನು ಯಾವ ಕಾರ್ಡೂ ಹೊರುವುದಿಲ್ಲ. ಗಂಟು ಕರಗಿತೆಂದೋ ಸುಗ್ಗಿ ಬಂತೆಂದೋ ಗುಳೆ ಹೋಗಬೇಕೆಂದೋ ಚಿಕಿತ್ಸೆಯನ್ನು ನಡುವೆ ಬಿಡುವುದು ಹೀಗೆ.

ಇನ್ನೊಂದು ನೋವಿನ ಸಂಗತಿಯಿದೆ. ಈ ರೋಗ ಸಹಜವಾಗಿಯೇ ಗಂಡುಮಕ್ಕಳಲ್ಲಿ ಸ್ವಲ್ಪ ಹೆಚ್ಚು. ಆದರೆ ಭಾರತದ ಆಸ್ಪತ್ರೆಗಳ ದಾಖಲೆಗಳಲ್ಲಿ ಗಂಡುಮಕ್ಕಳ ಪಾಲು ಅದಕ್ಕಿಂತಲೂ ಮಿಗಿಲಾಗಿರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಅಂದರೆ ಎಷ್ಟೋ ಹೆಣ್ಣುಮಕ್ಕಳು ಆಸ್ಪತ್ರೆಯ ಹೊಸ್ತಿಲನ್ನೇ ತುಳಿಯುವುದಿಲ್ಲ. ಹೆಣ್ಣು-ಗಂಡೆಂಬ ಭೇದವನ್ನು ಅಳಿಸಿದ ಶರಣರ ನಾಡಿಗೆ ಇದು ಶೋಭೆಯಲ್ಲ.

ಪರಿಹಾರ ನಮ್ಮ ಕೈಯಳತೆಯಲ್ಲಿಯೇ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಿಸುತ್ತವೆ. ಆ ದಿನ ಕೊರಳು, ಕಂಕುಳುಗಳನ್ನೂ ಮುಟ್ಟಿ ನೋಡುವಂತಾಗಲಿ. ಎರಡು ಮೂರು ವಾರ ಕರಗದ, ಬೆಳೆಯುತ್ತಲೇ ಇರುವ ಗಂಟಿಗೆ ಬಯಾಪ್ಸಿ ಬೇಕೇ ಎಂದು ಪೋಷಕರು ಧೈರ್ಯದಿಂದ ವೈದ್ಯರನ್ನು ಕೇಳಲಿ. ಚಿಕಿತ್ಸೆಗೆ ಬಂದ ತಾಯಿಗೆ ಉಳಿಯಲು ಒಂದು ಕೋಣೆ, ಎರಡು ಹೊತ್ತಿನ ಪ್ರಸಾದ, ತಪ್ಪಿದ ದಿನ ವಿಚಾರಿಸುವ ಒಂದು ದೂರವಾಣಿ ಕರೆ: ಇಷ್ಟನ್ನು ಸಮಾಜವೂ ಮಠಮಾನ್ಯಗಳೂ ಒದಗಿಸಬಲ್ಲವು. ದಾಸೋಹಕ್ಕೆ ಹೆಸರಾದ ಕಲಬುರಗಿಗೆ ಇದು ಹೊಸ ಪಾಠವಲ್ಲ. ಹಸಿದವರಿಗೆ ಅನ್ನವಿಕ್ಕುವ ಆ ಕೈ, ರೋಗಿ ಮಗುವಿನ ಕೊನೆಯ ಸುತ್ತಿನ ಚಿಕಿತ್ಸೆ ಮುಗಿಯುವವರೆಗೂ ಆ ಕುಟುಂಬದ ಜೊತೆಗಿರಲಿ.