14 ಅಡಿಯ ರಾಡು, 30 ಮೀಟರಿನ ಮೀನು

ನಮ್ಮ ಕರಾವಳಿಯಲ್ಲಿ ಗಾಳ ಹಾಕುವುದು ಹೇಗೆಂದು ಈಗ ತೀರ್ಮಾನಿಸುವವರು ಅಂಗಡಿಯವರು ಮತ್ತು ಯೂಟ್ಯೂಬಿನವರು. ಯಾವ ನೀರು, ಯಾವ ಮೀನು, ಭರತವೋ ಇಳಿತವೋ ಎಂದು ಕೇಳುವವರು ಕಡಿಮೆಯಾಗಿದ್ದಾರೆ. ಎಷ್ಟು ಅಡಿ, ಎಷ್ಟು ಬೇರಿಂಗು, ಎಷ್ಟು ಕೆಜಿ ಡ್ರ್ಯಾಗು ಎಂಬ ಲೆಕ್ಕವೇ ಎಲ್ಲ ಕಡೆ. ಹೊಸಬ ಅಂಗಡಿಗೆ ಹೋಗಿ ಬೀಚಿಗೊಂದು ರಾಡ್ ಬೇಕು ಅಂದರೆ ಸಾಕು, "ಬೀಚ್ ಅಲ್ವಾ ಅಣ್ಣ, 14 ಅಡಿದೇ ತಕೊಳ್ಳಿ, ಉದ್ದ ಇದ್ದಷ್ಟೂ ದೂರ ಹೋಗ್ತದೆ" ಎಂಬ ಉತ್ತರ ಸಿದ್ಧವಿರುತ್ತದೆ. ಅದಕ್ಕೊಂದು ತೆಂಗಿನಕಾಯಿ ಗಾತ್ರದ ರೀಲು. ತಿಂಗಳ ಉಳಿತಾಯ ಅಲ್ಲಿಗೆ ಮುಗಿಯಿತು.

ಹೀಗೆ ಕೊಳ್ಳುವವರೆಲ್ಲ ಶ್ರೀಮಂತರಲ್ಲ. ರಿಕ್ಷಾ ಓಡಿಸುವವರು, ಗಾರೆ ಕೆಲಸದವರು, ಪೆಟ್ರೋಲ್ ಬಂಕಿನ ಹುಡುಗರು, ಸುದ್ದಿಗಿಷ್ಟು ಎಂದು ಎಣಿಸಿ ಕಾಸು ಪಡೆಯುವ ನಮ್ಮಂಥ ಸ್ಟ್ರಿಂಗರುಗಳು. ಭಾನುವಾರ ಒಂದು ಸಾರಿಗಾಗುವಷ್ಟು ಕಾಣೆ ಸಿಕ್ಕರೆ ಮನೆಯಲ್ಲಿ ಖುಷಿ ಪಡುವ ಮಂದಿ. ಅವರಿಗೆ ತಪ್ಪು ಸಾಮಾನು ಮಾರುವುದನ್ನು ವ್ಯಾಪಾರ ಎಂದು ಸುಮ್ಮನೆ ಬಿಡಬಾರದು.

ಮೊದಲು ಉದ್ದದ ವಿಷಯ. ಮೀನು ದೂರದಲ್ಲೇ ಇರುತ್ತದೆ ಎಂದು ಯಾರು ಹೇಳಿದರು? ಮರಳಿನ ದಂಡೆಯಲ್ಲಿ ಇಳಿತದ ಹೊತ್ತಿಗೆ ಹೋಗಿ ನಿಂತು ನೋಡಿ. ದಂಡೆಗೆ ಸಮಾಂತರವಾಗಿ ಒಂದು ಮರಳ ದಿಬ್ಬ ಇರುತ್ತದೆ, ಅಲೆ ಒಡೆಯುವುದು ಅದರ ಮೇಲೆ. ದಿಬ್ಬಕ್ಕೂ ದಂಡೆಗೂ ನಡುವೆ ನೀರು ಸ್ವಲ್ಪ ಕಪ್ಪಾಗಿ, ಶಾಂತವಾಗಿ ಕಾಣುವ ತಗ್ಗು. ಅಲೆ ಕೆದಕಿ ಎಬ್ಬಿಸಿದ ಹುಳ, ಮರಿ ಚಟ್ಲಿ, ಸಣ್ಣ ಏಡಿ ಎಲ್ಲ ಸೇರುವುದು ಆ ತಗ್ಗಿಗೆ. ಕಾಣೆ ಮೇಯುವುದೂ ಅಲ್ಲೇ. ಎಷ್ಟೋ ಕಡೆ ಅದು ದಂಡೆಯಿಂದ 30 ಮೀಟರ್ ದೂರವೂ ಇರುವುದಿಲ್ಲ. 14 ಅಡಿಯ ರಾಡಿನವರು ಸೊಂಟ ತಿರುಚಿ ಬೀಸಿ, ಮೀನಿನ ತಲೆಯ ಮೇಲಿಂದ ಗಾಳವನ್ನು ಆಚೆ ದಾಟಿಸಿ, "ಇವತ್ತು ಮೀನೇ ಇಲ್ಲ ಮಾರಾಯ" ಎನ್ನುತ್ತಾರೆ.

ಇನ್ನೊಂದು ಮಾತನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ರಾಡು ಒಂದು ಸನ್ನೆಕೋಲು. ಮೀನು ಎಳೆಯುವಾಗ ಕೋಲು ಉದ್ದವಾದಷ್ಟೂ ಲಾಭ ಮೀನಿಗೆ, ಭಾರ ನಮ್ಮ ಕೈಗೆ. ಉದ್ದದ ರಾಡಿಗೆ ಕೆಲಸವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ದೊಡ್ಡ ಅಲೆಗಳ ತಲೆಯ ಮೇಲಿಂದ ದಾರವನ್ನು ಎತ್ತಿ ಹಿಡಿಯಲು, ಸೆಳೆತವಿರುವಲ್ಲಿ ಭಾರದ ಸೀಸವನ್ನು ಎಸೆದು ನಿಲ್ಲಿಸಲು ಅದು ಬೇಕು. ಆದರೆ ಅಷ್ಟು ದೊಡ್ಡ ಅಲೆ ಇರುವ ದಿನ ಹೊಸಬನಿಗೆ ಕಡಲ ಬದಿಯಲ್ಲಿ ಎಂತ ಕೆಲಸ?

ಇನ್ನು ರೀಲಿನ ಡಬ್ಬದ ಮೇಲಿನ ಅಂಕಿಗಳು. 20 ಕೆಜಿ ಡ್ರ್ಯಾಗ್ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ದಾರ ತಡೆಯುವ ಭಾರದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ ಡ್ರ್ಯಾಗ್ ಬಿಗಿ ಮಾಡಬೇಕು ಎನ್ನುವುದು ಎಲ್ಲೆಡೆ ಒಪ್ಪಿದ ಲೆಕ್ಕ. 9 ಕೆಜಿ ತಡೆಯುವ ದಾರ ಸುತ್ತಿದರೆ ನಿಮಗೆ ಬೇಕಾದದ್ದು ಹೆಚ್ಚೆಂದರೆ 3 ಕೆಜಿ ಬಿಗಿ. ಉಳಿದ 17 ಕೆಜಿಗೆ ನೀವು ಕೊಟ್ಟ ದುಡ್ಡು ನೀರಿಗೆ ಹೋಮ. ನಂಬಿಕೆ ಬಾರದಿದ್ದರೆ 10 ಕೆಜಿ ಅಕ್ಕಿ ಚೀಲವನ್ನು ರಾಡಿನ ತುದಿಗೆ ಕಟ್ಟಿ ಎತ್ತುವುದನ್ನು ಊಹಿಸಿಕೊಳ್ಳಿ.

ಬೇರಿಂಗಿನ ಕಥೆಯೂ ಅಷ್ಟೇ. ಅಗ್ಗದ ರೀಲಿನಲ್ಲಿ 13 ಬೇರಿಂಗ್ ಅಂದರೆ ಉಪ್ಪುನೀರಿಗೆ ತುಕ್ಕು ಹಿಡಿಸಲು 13 ಜಾಗ. ನಾಲ್ಕೈದೇ ಇದ್ದರೂ ಒಳ್ಳೆಯವು ಸಾಕು. 4000, 6000 ಎಂಬ ಗಾತ್ರದ ಸಂಖ್ಯೆಗೂ ಎಲ್ಲ ಕಂಪನಿಗೆ ಒಂದೇ ಅಳತೆಯಿಲ್ಲ. ಒಬ್ಬರ 4000 ಇನ್ನೊಬ್ಬರ 5000ದಷ್ಟು ಇರಬಹುದು. ಸಂಖ್ಯೆ ನೋಡಬೇಡಿ, ಸ್ಪೂಲಿನ ಮೇಲೆ ಎಷ್ಟು ದಪ್ಪದ ದಾರ ಎಷ್ಟು ಮೀಟರ್ ಹಿಡಿಯುತ್ತದೆ ಎಂದು ಬರೆದಿರುತ್ತದೆ, ಅದನ್ನು ಓದಿ.

ಹಾಗಾದರೆ ಆಯ್ಕೆ ಹೇಗೆ? ಮರವಂತೆಗೆ ಬನ್ನಿ. ಹೆದ್ದಾರಿಯ ಪಶ್ಚಿಮಕ್ಕೆ ಅರಬ್ಬಿ ಕಡಲು, ಪೂರ್ವಕ್ಕೆ ಸೌಪರ್ಣಿಕಾ ಹೊಳೆ. ರಸ್ತೆ ದಾಟಿದರೆ ನೀರು ಬದಲು, ನೀರು ಬದಲಾದರೆ ರಾಡೂ ಬದಲು. ಹೊಳೆಯ ಬದಿಯಲ್ಲಿ ದೂರ ಎಸೆಯುವ ಪ್ರಶ್ನೆಯೇ ಇಲ್ಲ. ಕೆಂಬೇರಿಯಂಥ ಮೀನು ಕಲ್ಲಿನ ಸಂದಿಯಲ್ಲೋ ಸೇತುವೆಯ ಕಂಬದ ಬುಡದಲ್ಲೋ ಕಾದಿದ್ದು, ಕಚ್ಚಿದ ಕೂಡಲೇ ಬಿಲಕ್ಕೆ ಓಡುತ್ತದೆ. ಮೊದಲ ಕೆಲವು ಸೆಕೆಂಡಿನಲ್ಲಿ ತಿರುಗಿಸದಿದ್ದರೆ ದಾರ ಕಲ್ಲಿಗೆ ತಿಕ್ಕಿ ತುಂಡು. ಅಲ್ಲಿಗೆ 7ರಿಂದ 8 ಅಡಿಯ, ಬುಡದಲ್ಲಿ ಗಟ್ಟಿಯಿರುವ ರಾಡು ಬೇಕು. ಕಡಲ ಬದಿಯ ಮರಳಿಗೆ, ಮಳೆಗಾಲ ಕಳೆದು ನೀರು ತಿಳಿಯಾದ ತಿಂಗಳುಗಳಲ್ಲಿ, 10 ಅಡಿ ಧಾರಾಳ.

ಎರಡು ಕೊಳ್ಳಲು ದುಡ್ಡಿಲ್ಲದವರು 9 ಅಡಿಯದೊಂದು ಕೊಳ್ಳಿ. ಹಿಡಿಕೆಯ ಮೇಲ್ಭಾಗದಲ್ಲಿ ಎಷ್ಟು ಗ್ರಾಂ ಎಸೆಯಬಹುದು ಎಂದು ಬರೆದಿರುತ್ತದೆ. 30ರಿಂದ 80 ಗ್ರಾಂ ಆಸುಪಾಸಿನದು ನಮ್ಮ ಬಹುಪಾಲು ಅಳಿವೆಗಳಿಗೂ ಮರಳು ದಂಡೆಗಳಿಗೂ ಸಾಕು. ಅಡಿಗಿಂತ ಈ ಗ್ರಾಂ ಲೆಕ್ಕವೇ ಮುಖ್ಯ. ಅದಕ್ಕೆ 4000 ಆಸುಪಾಸಿನ ರೀಲು, 9 ಕೆಜಿಯ ಹೆಣೆದ ದಾರ 200 ಮೀಟರ್. ಅದೇ ಶಕ್ತಿಯ ನೈಲಾನಿನ ಹೆಚ್ಚುಕಡಿಮೆ ಅರ್ಧ ದಪ್ಪ ಇರುವುದರಿಂದ ಅದು ಸಲೀಸಾಗಿ ದೂರವೂ ಹೋಗುತ್ತದೆ. ಆದರೆ ಬಂಡೆಗೂ ನೀಲಿಕಲ್ಲಿನ ಚಿಪ್ಪಿಗೂ ತಾಗಿದರೆ ಬೇಗ ಹರಿಯುತ್ತದೆ. ತುದಿಗೆ ದಪ್ಪ ನೈಲಾನ್ ಲೀಡರ್ ಕಟ್ಟಲೇಬೇಕು.

ಕೊಳ್ಳುವ ಮೊದಲು ರಾಡಿನ ಒಂದೊಂದು ಉಂಗುರದೊಳಗೂ ಹತ್ತಿ ಆಡಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ನಾಳೆ ಅದೇ ನಿಮ್ಮ ದಾರವನ್ನು ಕೊಯ್ಯುತ್ತದೆ. ಬೈಕಿನಲ್ಲಿ ಒಯ್ಯುವವರು, ಬಂಡೆಗೆ ತಾಗಿಸುವವರು ತೂಕ ಸ್ವಲ್ಪ ಹೆಚ್ಚಾದರೂ ಫೈಬರ್ ಗ್ಲಾಸ್ ಬೆರೆತದ್ದನ್ನೇ ನೋಡಿ. ಕಾರ್ಬನ್ ಹಗುರ, ಮೀನಿನ ಚಿಟುಕೂ ಕೈಗೆ ತಿಳಿಯುತ್ತದೆ, ಆದರೆ ಪೆಟ್ಟು ತಿಂದಲ್ಲೇ ಒಂದು ದಿನ ಮುರಿಯುತ್ತದೆ. ಮನೆಗೆ ಬಂದ ಮೇಲೆ ಡ್ರ್ಯಾಗ್ ಬಿಗಿ ಮಾಡಿ, ರೀಲಿನ ಮೇಲೆ ಸಿಹಿನೀರು ಮೆಲ್ಲಗೆ ಹನಿಸಿ ಉಪ್ಪು ತೊಳೆದು, ಒಣಗಿಸಿ, ಡ್ರ್ಯಾಗ್ ಸಡಿಲ ಮಾಡಿಡಿ. ಇಷ್ಟು ಮಾಡಿದರೆ ಸಾಧಾರಣ ರೀಲೂ ವರ್ಷಗಟ್ಟಲೆ ಬಾಳುತ್ತದೆ. ತೊಳೆಯದವನ ಕೈಯಲ್ಲಿ ದುಬಾರಿ ರೀಲೂ ಬಾಳುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ದುಡ್ಡಿನ ವಿಷಯ. ಇನ್ನು ಜೀವದ್ದು. 100 ಗ್ರಾಂ ಸೀಸವನ್ನು ತೆಳು ದಾರಕ್ಕೆ ನೇರ ಕಟ್ಟಿ ಪೂರ್ತಿ ಬಲ ಹಾಕಿ ಬೀಸುವಾಗ ದಾರ ತುಂಡಾದರೆ ಆ ಸೀಸ ಗುಂಡೇಟಿಗೆ ಸಮ. ಭಾನುವಾರ ಸಂಜೆ ಮಕ್ಕಳು ಮರಿ ಓಡಾಡುವ ಬೀಚಿನಲ್ಲಿ ಇದನ್ನು ಮಾಡುವವರಿದ್ದಾರೆ. ಸೀಸದ ಪ್ರತಿ 28 ಗ್ರಾಂಗೆ 4.5 ಕೆಜಿ ಲೆಕ್ಕದಲ್ಲಿ ಲೀಡರ್ ಇರಬೇಕು, ಅಂದರೆ 80 ಗ್ರಾಂಗೆ 13 ಕೆಜಿಯದ್ದು. ಉದ್ದ ರಾಡಿನ ಎರಡರಷ್ಟಿರಬೇಕು. ಈ ಒಂದು ವಾಕ್ಯವನ್ನು ರಾಡ್ ಮಾರುವಾಗ ಹೇಳಿದ ಅಂಗಡಿಯವನನ್ನು ನಾನಿನ್ನೂ ಕಂಡಿಲ್ಲ.

ಏಪ್ರಿಲ್ ಮೇ ತಿಂಗಳ ಸಂಜೆ, ಅಕ್ಟೋಬರಿನ ಹಿಂಗಾರಿನಲ್ಲಿ ನಮ್ಮಲ್ಲಿ ಸಿಡಿಲು ಎಷ್ಟೆಂದು ಎಲ್ಲರಿಗೂ ಗೊತ್ತು. ಕಾರ್ಬನ್ ವಿದ್ಯುತ್ ಹರಿಸುತ್ತದೆ. ಬಯಲು ದಂಡೆಯಲ್ಲಿ ಅದನ್ನು ಎತ್ತಿ ಹಿಡಿದು ನಿಲ್ಲುವುದು ಸಿಡಿಲನ್ನು ಕರೆದಂತೆ. ಗುಡುಗು ಕೇಳಿದ ಕೂಡಲೇ ರಾಡು ಕೆಳಗಿಟ್ಟು ಕಟ್ಟಡದೊಳಗೆ ಹೋಗಿ. ಹೊಳೆ ಬದಿಯಲ್ಲಿ ಬೀಸುವ ಮೊದಲು ತಲೆಯ ಮೇಲೆ ವಿದ್ಯುತ್ ತಂತಿ ಇದೆಯೇ ನೋಡಿ.

ಬಂಡೆಗಳ ವಿಷಯ ಬೇರೆ ಹೇಳಬೇಕೆ? ಕಡಲ್ಕೊರೆತಕ್ಕೆಂದು ಸುರಿದ ಪಾಚಿಗಟ್ಟಿದ ಕಲ್ಲುಗಳ ಮೇಲೆ, ಅಳಿವೆ ಬಾಗಿಲಿನ ಬ್ರೇಕ್‌ವಾಟರಿನ ತುದಿಯಲ್ಲಿ, ಜೂನ್ ಜುಲೈನಲ್ಲೂ ಜನ ನಿಂತಿರುತ್ತಾರೆ. ಆ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೇ ಕಡಲಿಗಿಳಿಯಲು ನಿಷೇಧ. ದೊಡ್ಡ ರಾಡು ಕೈಯಲ್ಲಿದ್ದರೆ ಇನ್ನೂ ಮುಂದೆ ಹೋಗುವ ಆಸೆ, ಎರಡೂ ಕೈಯಲ್ಲಿ ಬೀಸುವಾಗ ಹಿಡಿದುಕೊಳ್ಳಲು ಮೂರನೇ ಕೈ ಇಲ್ಲ. "ಗಾಳ ಹಾಕಲು ಹೋದ ಯುವಕ ನೀರುಪಾಲು" ಎಂಬ ನಾಲ್ಕು ಸಾಲಿನ ಸುದ್ದಿ ಬರೆಯುವುದು ನಮ್ಮಂಥವರ ಪಾಲಿಗೆ ಬರುತ್ತದೆ. ಯಾರೋ ದೂರ ಮಾರಿದರು, ಇವನು ದೂರ ಕೊಂಡ ಎಂಬುದು ಆ ಸುದ್ದಿಯಲ್ಲಿ ಇರುವುದಿಲ್ಲ.

ಅಂಗಡಿಯವರಲ್ಲಿ ಕೇಳುವುದಿಷ್ಟೇ. ರಾಡಿನ ಜೊತೆ ಲೀಡರ್ ಕಟ್ಟಲು ಕಲಿಸಿ, ಸೀಸದ ತೂಕದ ಮಿತಿಯನ್ನು ಬಿಲ್ಲಿನ ಮೇಲೆ ಬರೆದುಕೊಡಿ, ಗಿರಾಕಿ ಎಲ್ಲಿ ನಿಂತು ಹಾಕುತ್ತಾನೆ ಎಂದು ಕೇಳಿದ ಮೇಲೆಯೇ ಅಡಿಯ ಮಾತಾಡಿ. ಕೊಳ್ಳುವವರಿಗೆ ಹೇಳುವುದು, ಒಂದು ವಾರ ಬರಿಗೈಯಲ್ಲಿ ಹೋಗಿ ನಿಮ್ಮ ಊರಿನ ನೀರು ನೋಡಿ. ಭರತದಲ್ಲಿ ಕೈಗಾಳ ಹಾಕುವ ಹಿರಿಯರು ಎಲ್ಲಿ ನಿಲ್ಲುತ್ತಾರೆ, ಎಷ್ಟು ದೂರ ಎಸೆಯುತ್ತಾರೆ ಗಮನಿಸಿ. ಅಷ್ಟು ದೂರಕ್ಕೆ ಸಾಕಾಗುವ ರಾಡು ಕೊಳ್ಳಿ, ಉಳಿದ ದುಡ್ಡಲ್ಲಿ ಒಳ್ಳೆಯ ದಾರ ಮತ್ತು ಒಂದು ಲೈಫ್ ಜಾಕೆಟ್.