ಎರಡನೆಯ ಕಂಟ್ರೋಲರ್ ಯಾರಿಗೆ?

"ಈ ಸಲ ತೊಂಬತ್ತರ ಮೇಲೆ ಮಾರ್ಕ್ಸ್ ತೆಗೆದರೆ ವಿಡಿಯೋ ಗೇಮ್ ಕೊಡಿಸ್ತೀನಿ ಕಣೋ." ಪರೀಕ್ಷೆಗೆ ಇನ್ನೂ ಮೂರು ತಿಂಗಳಿರುವಾಗ ಅಪ್ಪನ ಬಾಯಿಂದ ಸಲೀಸಾಗಿ ಬರುವ ಮಾತು ಇದು. ಏಪ್ರಿಲ್ ಬಂತೆಂದರೆ ಅದೇ ಮಾತು ಸಾಲ ಕೊಟ್ಟವನ ಹಾಗೆ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಎಂಟನೆಯ ತರಗತಿಯ ಮಗ ತೊಂಬತ್ತೆರಡು ತೆಗೆದಿದ್ದಾನೆ. ಯಾವ ಕಂಪನಿಯ ಯಾವ ಮಾದರಿ ಬೇಕೆಂದು ಗೆಳೆಯರೊಡನೆ ಚರ್ಚಿಸಿ ತೀರ್ಮಾನವನ್ನೂ ಮಾಡಿಯಾಗಿದೆ. ಅಪ್ಪನಿಗೆ ಹಣದ ಯೋಚನೆ, ಅಮ್ಮನಿಗೆ ಒಂಬತ್ತನೆಯ ತರಗತಿಯ ಓದಿನ ಯೋಚನೆ. ಮೂರನೆಯ ತರಗತಿಯ ತಂಗಿಯನ್ನು ಮಾತ್ರ ಯಾರೂ ಏನೂ ಕೇಳಿಲ್ಲ.

ಇಂಥ ಮನೆಗಳಲ್ಲಿ ಚರ್ಚೆ ಸಾಮಾನ್ಯವಾಗಿ "ಯಾವುದನ್ನು ಕೊಳ್ಳೋಣ" ಎಂಬಲ್ಲಿಂದ ಶುರುವಾಗುತ್ತದೆ. ಅದಕ್ಕೂ ಮೊದಲು ಕೇಳಬೇಕಾದದ್ದು "ಯಾರಿಗಾಗಿ" ಎಂಬ ಪ್ರಶ್ನೆ. ಬಹುಮಾನವಾಗಿ ಬಂದ ವಸ್ತು ಗೆದ್ದವನ ಸೊತ್ತು. ಅವನು ಅದನ್ನು ತನ್ನ ಕೋಣೆಯಲ್ಲಿಟ್ಟುಕೊಳ್ಳುತ್ತಾನೆ, ತಂಗಿ ಮುಟ್ಟಿದರೆ ರೇಗುತ್ತಾನೆ. ಸಾಕು ನಿಲ್ಲಿಸು ಎಂದು ಅಮ್ಮ ಹೇಳಿದರೆ, "ನಾನು ಗೆದ್ದಿದ್ದಲ್ವಾ?" ಎನ್ನುತ್ತಾನೆ. ಅವನ ವಾದದಲ್ಲಿ ತಪ್ಪೇನೂ ಇಲ್ಲ. ಅದೇ ಪೆಟ್ಟಿಗೆ ಕೇರಂ ಬೋರ್ಡಿನಂತೆ ಮನೆಯ ವಸ್ತುವಾಗಿ ಬಂದರೆ ಹಜಾರದಲ್ಲಿ ಕೂರುತ್ತದೆ, ಮನೆಯ ನಿಯಮಕ್ಕೆ ಒಳಪಡುತ್ತದೆ. ಯಾವ ಯಂತ್ರ ಕೊಳ್ಳಬೇಕು ಎಂಬುದಕ್ಕೂ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮನೆಮಂದಿಯ ಯಂತ್ರ ಎಂಬುದು ಹೊಸ ಕಲ್ಪನೆಯೇನಲ್ಲ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈಯಲ್ಲಿ ಹೊರತಂದ ಯಂತ್ರದ ಹೆಸರೇ 'ಫ್ಯಾಮಿಲಿ ಕಂಪ್ಯೂಟರ್'. ಅದಕ್ಕೆ ಎರಡು ಕಂಟ್ರೋಲರ್‌ಗಳನ್ನು ತಂತಿಯಿಂದ ಕಾಯಂ ಆಗಿ ಜೋಡಿಸಿಯೇ ಮಾರುತ್ತಿದ್ದರು. ಆಟಕ್ಕೆ ಇಬ್ಬರು ಬೇಕು ಎಂಬ ಮಾತು ಪೆಟ್ಟಿಗೆಯೊಳಗೇ ಇತ್ತು. ಅದರ ನಕಲುಗಳು 1990ರ ದಶಕದಲ್ಲಿ ನಮ್ಮ ಪೇಟೆಗಳಿಗೂ ಬಂದವು. ಇಂದಿನ ಎಷ್ಟೋ ಅಪ್ಪಂದಿರು ಬೇಸಿಗೆ ರಜೆಯಲ್ಲಿ ಕ್ಯಾಸೆಟ್ಟನ್ನು ಊದಿ ಊದಿ ತೂರಿಸಿ, ಅಣ್ಣನ ಭುಜಕ್ಕೆ ಭುಜ ತಾಗಿಸಿ 'ಕಾಂಟ್ರಾ' ಆಡಿದ್ದು ಅಂಥ ಯಂತ್ರಗಳಲ್ಲೇ.

ಈಗಿನ ಕನ್ಸೋಲ್‌ಗಳಲ್ಲಿ ಮೂರು ಕಂಪನಿಗಳ ಹೆಸರು ಮುಖ್ಯ. ಸೋನಿಯ ಪ್ಲೇಸ್ಟೇಷನ್ 5 ಮತ್ತು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್ ಯಂತ್ರಗಳು 2020ರ ನವೆಂಬರ್‌ನಲ್ಲಿ ಬಂದವು. ನಿಂಟೆಂಡೊ 2017ರಲ್ಲಿ ಸ್ವಿಚ್ ಅನ್ನೂ 2025ರ ಜೂನ್‌ನಲ್ಲಿ ಸ್ವಿಚ್ 2 ಅನ್ನೂ ಬಿಡುಗಡೆ ಮಾಡಿತು.

ಸೋನಿ ಮತ್ತು ಮೈಕ್ರೋಸಾಫ್ಟ್ ಯಂತ್ರಗಳನ್ನು ಟೀವಿಗೆ ಜೋಡಿಸಿ ಆಡಬೇಕು. ಚಿತ್ರದ ಸೊಗಸಿನಲ್ಲಿ, ವೇಗದಲ್ಲಿ ಇವು ಮುಂದು. ದೊಡ್ಡ ಹುಡುಗರು ಬಯಸುವ ಫುಟ್‌ಬಾಲ್, ಕಾರ್ ರೇಸ್, ಸಾಹಸದ ಆಟಗಳು ಇವುಗಳಲ್ಲಿ ಹೇರಳ. ಆದರೆ ಸಾಮಾನ್ಯವಾಗಿ ಡಬ್ಬಿಯಲ್ಲಿ ಇರುವುದು ಒಂದೇ ಕಂಟ್ರೋಲರ್.

ಸ್ವಿಚ್ ಇನ್ನೊಂದು ಬಗೆಯದು. ಕೈಯಲ್ಲಿ ಹಿಡಿದೂ ಆಡಬಹುದು, ಟೀವಿಗೆ ಜೋಡಿಸಿಯೂ ಆಡಬಹುದು. ಕರೆಂಟ್ ಹೋದರೆ ಬ್ಯಾಟರಿಯಲ್ಲಿ ನಡೆಯುತ್ತದೆ. ಇಕ್ಕೆಲದ ಹಿಡಿಗಳನ್ನು ಕಳಚಿದರೆ ಅವೇ ಎರಡು ಪುಟ್ಟ ಕಂಟ್ರೋಲರ್‌ಗಳಾಗುತ್ತವೆ. ತಂದ ದಿನವೇ ಅಣ್ಣ ತಂಗಿ ಒಟ್ಟಿಗೆ ಕೂರಬಹುದು. 'ಮಾರಿಯೋ ಕಾರ್ಟ್ 8 ಡಿಲಕ್ಸ್' ಎಂಬ ಕಾರ್ ಓಟದ ಆಟವನ್ನು ಒಂದೇ ಟೀವಿಯಲ್ಲಿ ನಾಲ್ವರು ಆಡಬಹುದು. ಕಾರು ರಸ್ತೆ ಬಿಟ್ಟು ಹೊರಹೋಗದಂತೆ ತಡೆಯುವ ಸೌಲಭ್ಯವೂ ಅದರಲ್ಲಿ ಇರುವುದರಿಂದ ಪುಟ್ಟ ತಂಗಿಯೂ ಅಜ್ಜಿಯೂ ಓಟ ಮುಗಿಸಬಲ್ಲರು. ಈ ಯಂತ್ರದ ಆಟದ ಕಾರ್ಡು ತೀರ ಚಿಕ್ಕದು. ಮಕ್ಕಳು ನುಂಗಬಾರದೆಂದು ಅದಕ್ಕೆ ಡೆನಟೋನಿಯಂ ಬೆಂಜೋಯೇಟ್ ಎಂಬ ಕಡುಕಹಿ ವಸ್ತುವನ್ನು ಲೇಪಿಸಿರುತ್ತಾರೆ.

ಇಲ್ಲಿ ಎರಡು ಎಚ್ಚರಿಕೆ ಬೇಕು. 2019ರಲ್ಲಿ ಬಂದ ಸ್ವಿಚ್ ಲೈಟ್ ಬೆಲೆಯಲ್ಲಿ ಕಡಿಮೆ; ಆದರೆ ಅದರ ಹಿಡಿಗಳು ಕಳಚುವುದಿಲ್ಲ, ಟೀವಿಗೂ ಅದನ್ನು ಜೋಡಿಸಲಾಗದು. ಅದು ಒಬ್ಬರ ಕೈಯ ಯಂತ್ರ. ಇಬ್ಬರು ಮಕ್ಕಳ ಮನೆಗೆ ಅದನ್ನು ತಂದರೆ ಉಳಿದ ದುಡ್ಡಿಗಿಂತ ಹೆಚ್ಚು ಜಗಳ ಬರುತ್ತದೆ. ಎರಡನೆಯದು, ಸ್ವಿಚ್ 2017ರಲ್ಲಿ ಬಿಡುಗಡೆಯಾದಾಗ ಭಾರತದಲ್ಲಿ ಅದಕ್ಕೆ ಅಧಿಕೃತ ಮಾರಾಟ ವ್ಯವಸ್ಥೆ ಇರಲಿಲ್ಲ. ಹೊರದೇಶದಿಂದ ತರಿಸಿ ಮಾರುವ ಅಂಗಡಿಗಳ ಮೂಲಕವೇ ಅದು ಇಲ್ಲಿಗೆ ಬಂತು. ಹಾಗೆ ಬಂದ ಯಂತ್ರ ಕೆಟ್ಟರೆ ರಿಪೇರಿ ಯಾರ ಹೊಣೆ ಎಂಬುದನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳುವುದು ಜಾಣತನ.

ಇನ್ನು ಹಣದ ಮಾತು. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರುವರಿಯಲ್ಲಿ. ಡಿಸ್ಕ್ ಹಾಕುವ ಮಾದರಿಗೆ ಆಗ 49,990 ರೂಪಾಯಿ. ಡಿಸ್ಕ್ ಇಲ್ಲದ ಮಾದರಿಗೆ 39,990. ಒಂದು ಹೆಚ್ಚುವರಿ ಕಂಟ್ರೋಲರ್‌ಗೆ 5,990. ದೊಡ್ಡ ಹೊಸ ಆಟವೊಂದಕ್ಕೆ 4,999. ಡಿಸ್ಕ್ ಮಾದರಿ, ಎರಡನೆಯ ಕಂಟ್ರೋಲರ್, ಮೂರು ಆಟ ಎಂದು ಕೂಡಿಸಿದರೆ 70,977 ರೂಪಾಯಿ. ಬೆಲೆಗಳು ಅಲ್ಲಿಂದೀಚೆಗೆ ಬದಲಾಗಿವೆ, ಲೆಕ್ಕದ ರೀತಿ ಬದಲಾಗಿಲ್ಲ. ಪೆಟ್ಟಿಗೆಯ ಬೆಲೆಯ ಮೇಲೆ ಇನ್ನೂ ಶೇಕಡ 40ರಷ್ಟು ಖರ್ಚು ಕಾದಿರುತ್ತದೆ ಎಂದುಕೊಂಡೇ ಅಂಗಡಿಗೆ ಹೋಗಬೇಕು. ಕೊಂಡ ಆಟಗಳನ್ನು ಇಂಟರ್‌ನೆಟ್ ಮೂಲಕ ಇತರರೊಡನೆ ಆಡಲು ಹೆಚ್ಚಿನ ಸಂದರ್ಭಗಳಲ್ಲಿ ಚಂದಾ ಬೇರೆ.

ಹಾಗೆಂದು ಹತ್ತು ಸಾವಿರ ಉಳಿಯಿತೆಂದು ಡಿಸ್ಕ್ ಇಲ್ಲದ ಮಾದರಿಗೆ ಕೈಹಾಕುವ ಮುನ್ನ ಯೋಚಿಸಬೇಕು. ಡಿಸ್ಕನ್ನು ಗೆಳೆಯನಿಗೆ ಎರವಲು ಕೊಡಬಹುದು, ಅವನದನ್ನು ತರಬಹುದು, ಆಡಿ ಮುಗಿದ ಮೇಲೆ ಅರ್ಧ ಬೆಲೆಗಾದರೂ ಮಾರಬಹುದು. ಡೌನ್‌ಲೋಡ್ ಮಾಡಿಕೊಂಡ ಆಟಕ್ಕೆ ಈ ಯಾವ ಅನುಕೂಲವೂ ಇಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲೂ ಡಿಸ್ಕಿಗೆ ಜಾಗವಿಲ್ಲ. ಒಂದೊಂದು ಆಟ 100 ಜಿಬಿ ದಾಟುವುದುಂಟು. ಮನೆಯ ಇಂಟರ್‌ನೆಟ್ ಅದಕ್ಕೆ ತಾಳುತ್ತದೆಯೇ ನೋಡಿಕೊಳ್ಳಬೇಕು.

ಯಂತ್ರ ಯಾವುದೇ ಇರಲಿ, ಡಬ್ಬಿಯ ಮೇಲಿನ ವಯಸ್ಸಿನ ಗುರುತನ್ನು ಓದುವುದು ಹೆತ್ತವರ ಕೆಲಸ. ಈ ಗುರುತಿಗೂ ಒಂದು ಕಥೆಯಿದೆ. 'ಮಾರ್ಟಲ್ ಕಾಂಬ್ಯಾಟ್' ಎಂಬ ಹೊಡೆದಾಟದ ಆಟದ ರಕ್ತಪಾತ ಕಂಡು ಅಮೆರಿಕದ ಸೆನೆಟ್ 1993ರಲ್ಲಿ ವಿಚಾರಣೆ ನಡೆಸಿತು. ಅದರ ಬೆನ್ನಿಗೇ 1994ರಲ್ಲಿ ಆಟದ ಉದ್ಯಮದವರು ಇಎಸ್‌ಆರ್‌ಬಿ ಎಂಬ ಮಂಡಳಿ ಕಟ್ಟಿಕೊಂಡರು. ಅದರ ಗುರುತುಗಳಲ್ಲಿ 'ಇ' ಎಂದರೆ ಎಲ್ಲರಿಗೂ, 'ಟಿ' ಎಂದರೆ 13 ದಾಟಿದವರಿಗೆ, 'ಎಂ' ಎಂದರೆ 17 ದಾಟಿದವರಿಗೆ. ಯುರೋಪಿನಲ್ಲಿ 2003ರಿಂದ ಇರುವ ಪೆಗಿ ವ್ಯವಸ್ಥೆ ಇನ್ನೂ ಸರಳ: 3, 7, 12, 16, 18 ಎಂದು ಅಂಕಿಯನ್ನೇ ಮುದ್ರಿಸುತ್ತದೆ. ಈ ಅಂಕಿ ಆಟ ಎಷ್ಟು ಕಠಿಣ ಎಂದು ಹೇಳುವುದಿಲ್ಲ, ಅದರೊಳಗಿನ ದೃಶ್ಯ ಮತ್ತು ಮಾತು ಯಾವ ವಯಸ್ಸಿಗೆ ತಕ್ಕವು ಎಂದು ಹೇಳುತ್ತದೆ. 'ಗ್ರ್ಯಾಂಡ್ ಥೆಫ್ಟ್ ಆಟೋ 5'ರ ಮೇಲೆ 18 ಎಂದಿದೆ. "ಕ್ಲಾಸಲ್ಲಿ ಎಲ್ಲರೂ ಆಡ್ತಾರೆ" ಎಂದು ಹದಿಮೂರರ ಹುಡುಗ ಹೇಳಿದರೂ ಅಂಕಿ ಬದಲಾಗುವುದಿಲ್ಲ.

ಇನ್ನೊಂದು ಅಪಾಯ ಡಬ್ಬಿಯ ಮೇಲೆ ಎದ್ದು ಕಾಣುವುದಿಲ್ಲ. ಪುಕ್ಕಟೆ ಎನ್ನುವ ಆಟಗಳು ಒಳಗೆ ಅಂಗಡಿ ತೆರೆದು ಕೂತಿರುತ್ತವೆ: ಹೊಸ ವೇಷ, ಹೊಸ ಕುಣಿತ, ಎಲ್ಲಕ್ಕೂ ದುಡ್ಡು. 'ಫೋರ್ಟ್‌ನೈಟ್' ತಯಾರಿಸುವ ಎಪಿಕ್ ಗೇಮ್ಸ್ ಕಂಪನಿ ಬಳಕೆದಾರರಿಂದ, ಮಕ್ಕಳಿಂದಲೂ, ಬೇಡದ ಖರೀದಿ ಮಾಡಿಸಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2022ರ ಡಿಸೆಂಬರ್‌ನಲ್ಲಿ ಕಂಪನಿ 24.5 ಕೋಟಿ ಡಾಲರ್ ಹಣವನ್ನು ಗ್ರಾಹಕರಿಗೆ ಹಿಂದಿರುಗಿಸಲು ಒಪ್ಪಬೇಕಾಯಿತು. ಕಾರ್ಡಿನ ವಿವರವನ್ನು ಯಂತ್ರದಲ್ಲಿ ಉಳಿಸಿಡದಿರುವುದೇ ಕ್ಷೇಮ. ಮೂರೂ ಕಂಪನಿಗಳ ಯಂತ್ರಗಳಲ್ಲಿ ವಯಸ್ಸು, ಆಟದ ಸಮಯ ಮತ್ತು ಖರೀದಿಗೆ ಮಿತಿ ಹಾಕುವ ವ್ಯವಸ್ಥೆಯಿದೆ. ಮಕ್ಕಳಿಗೆ ಬೇರೆ ಖಾತೆ ತೆರೆದು, ಮೊದಲ ಆಟಕ್ಕೂ ಮುನ್ನವೇ ಈ ಮಿತಿಗಳನ್ನು ಹಾಕಬೇಕು. ಆಮೇಲೆ ಹಾಕಿದರೆ ಅದು ಮಕ್ಕಳಿಗೆ ಶಿಕ್ಷೆಯಂತೆ ಕಾಣುತ್ತದೆ.

ಸಮಯದ ಮಿತಿಯ ಬಗ್ಗೆ ಒಂದು ಕಿವಿಮಾತು. "ಅರ್ಧ ಗಂಟೆ" ಎಂದು ಗಡಿಯಾರ ತೋರಿಸಿದರೆ ಜಗಳ ತಪ್ಪಿದ್ದಲ್ಲ. ಅರ್ಧ ಗಂಟೆ ಮುಗಿಯುವಾಗ ಮಗ ಪಂದ್ಯದ ನಡುವೆ ಇರುತ್ತಾನೆ; ಇತರರೊಡನೆ ಇಂಟರ್‌ನೆಟ್‌ನಲ್ಲಿ ಆಡುವಾಗ ನಡುವೆ ತಡೆದು ನಿಲ್ಲಿಸುವಂತಿಲ್ಲ. "ಎರಡು ಪಂದ್ಯ" ಅಥವಾ "ನಾಲ್ಕು ರೇಸ್" ಎಂದು ಆಟದ ಲೆಕ್ಕದಲ್ಲೇ ಹೇಳಿದರೆ ಮಕ್ಕಳು ಒಪ್ಪುವುದು ಸುಲಭ.

ಓದು ಹಾಳಾದೀತೆಂಬ ಅಮ್ಮನ ಭಯವನ್ನು ತಳ್ಳಿಹಾಕುವಂತಿಲ್ಲ. ಹಾಗೆಂದು ಆಟದ ಹುಚ್ಚೆಲ್ಲ ರೋಗವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರ ಜನವರಿಯಿಂದ ಜಾರಿಗೆ ಬಂದ ಪರಿಷ್ಕರಣೆಯಲ್ಲಿ ಗೇಮಿಂಗ್ ವ್ಯಸನ ಸೇರಿದೆ. ಅದು ಹೇಳುವ ಲಕ್ಷಣಗಳು ಮೂರು: ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಕೆಡುಕಾಗುತ್ತಿದ್ದರೂ ನಿಲ್ಲಿಸಲಾಗದಿರುವುದು. ಇದು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಕಂಡುಬಂದಿರಬೇಕು. ಅಂಥ ಶಂಕೆ ಬಂದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಆರಂಭವಾದ 'ಶಟ್' ಕ್ಲಿನಿಕ್ ಇದೆ. ಮಗು ಬಾಗಿಲು ಹಾಕಿಕೊಂಡು ಆಡಿದರೆ ಈ ಲಕ್ಷಣಗಳು ಕಣ್ಣಿಗೆ ಬೀಳುವುದು ತಡವಾಗುತ್ತದೆ. ಪೆಟ್ಟಿಗೆ ಹಜಾರದಲ್ಲಿರಬೇಕು ಎನ್ನುವುದು ಇದಕ್ಕೂ ಸೇರಿಯೇ.

ಕೊಟ್ಟ ಮಾತಿನ ಗತಿ? ಅದನ್ನು ಉಳಿಸಿಕೊಳ್ಳಲೇಬೇಕು, ತೊಂಬತ್ತೆರಡು ತೆಗೆದ ಹುಡುಗನಿಗೆ ಮೋಸವಾಗಬಾರದು. ಯಂತ್ರ ಮನೆಯದು, ಮೊದಲ ಆಟದ ಆಯ್ಕೆ ಅವನದು ಎಂದರೆ ಎರಡೂ ನಡೆದಂತಾಯಿತು. ಎರಡನೆಯ ಆಟದ ಆಯ್ಕೆ ತಂಗಿಯದು. ಅವನು ಆರಿಸಿಟ್ಟ ಮಾದರಿಯನ್ನೇ ಕೊಂಡರೂ ಆದೀತು, ಎರಡನೆಯ ಕಂಟ್ರೋಲರನ್ನು ಅದೇ ಬಿಲ್ಲಿಗೆ ಸೇರಿಸುವುದಾದರೆ. "ಮುಂದಿನ ತಿಂಗಳು ನೋಡೋಣ" ಎಂದ ಕಂಟ್ರೋಲರ್ ಹೆಚ್ಚಿನ ಮನೆಗಳಿಗೆ ಬರುವುದೇ ಇಲ್ಲ.

ಮೊದಲ ಸಂಜೆ ಅದನ್ನು ಅಪ್ಪನೋ ಅಮ್ಮನೋ ಹಿಡಿದು ಕೂರುವುದು ಒಳ್ಳೆಯದು. ಸೋಲುವುದಂತೂ ಖಂಡಿತ. "ಹಾಗಲ್ಲಪ್ಪಾ, ಈ ಬಟನ್ ಒತ್ತು" ಎಂದು ಮಗ ಕಲಿಸತೊಡಗುತ್ತಾನೆ. ಅವನು ಆಡುವ ಆಟದಲ್ಲಿ ಏನೇನಿದೆ ಎಂಬುದು ಆ ಅರ್ಧ ಗಂಟೆಯಲ್ಲಿ ತಿಳಿಯುವಷ್ಟು ಮುಂದೆಂದೂ ತಿಳಿಯುವುದಿಲ್ಲ.